ಹೊರಡಲಿದೆ

‘ಹೊರಡಲಿದೆ’ ಎಂದು ಅವಳು ಹೇಳುವಷ್ಟರಲ್ಲಿ ಬಸ್ಸು ಹೊರಟೇ ಹೋಗಿತ್ತು. ಮಾರ್ಕೆಟ್ ನಿಲ್ದಾಣದ ಛಾವಣಿಗೆ ನೇತುಹಾಕಿದ್ದ ಸ್ಪೀಕರಿನಿಂದ ಆ ಮಾತು ಸಾವಕಾಶವಾಗಿ ಇಳಿದು ಬಂತು: ‘ಪ್ರಯಾಣಿಕರ ಗಮನಕ್ಕೆ. ಆಸ್ಪತ್ರೆ ಮಾರ್ಗದ ಬಸ್ಸು ಈಗ ಹೊರಡಲಿದೆ.’ ಯಾವ ಪ್ರಕಟಣೆಯನ್ನೂ ಎರಡೆರಡು ಸಲ ಹೇಳುವುದು ಅಲ್ಲಿನ ಪದ್ಧತಿಯಾದ್ದರಿಂದ ಇನ್ನೊಂದು ಸಲವೂ ಹೇಳಿತು. ಆ ಹೊತ್ತಿಗೆ ಆಸ್ಪತ್ರೆ ಮಾರ್ಗದ ಬಸ್ಸು ಗೇಟು ದಾಟಿ, ಪೆಟ್ರೋಲ್ ಬಂಕಿನ ತಿರುವಿನಲ್ಲಿ ಹೊಗೆ ಬಿಟ್ಟು ಮರೆಯಾಗಿತ್ತು. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬರು ಬೆಂಚಿನಿಂದ ಕಷ್ಟಪಟ್ಟು ಎದ್ದು, ಖಾಲಿ ಜಾಗವನ್ನು ನೋಡಿ, ಅಷ್ಟೇ ಕಷ್ಟಪಟ್ಟು ಮತ್ತೆ ಕೂತರು.

"ಇದೇನ್ರೀ ಇದು?" ಎಂದರು ಸಾರಿಗೆ ಕಚೇರಿಯ ಅಧಿಕಾರಿ. "ಜನಕ್ಕೆ ವಿಷಯ ತಿಳಿಸೋಕೆ ಇಟ್ಟಿದ್ದೀರೋ, ಹೋದ ಬಸ್ಸಿಗೆ ಟಾಟಾ ಮಾಡೋಕೆ ಇಟ್ಟಿದ್ದೀರೋ?"

ಮೇಡಂ ನಕ್ಕರು. ಅಧಿಕಾರಿಗಳು ಬೈದಾಗ ನಗುವುದು ಅವರ ಉದ್ಯೋಗದ ಅರ್ಧ ಭಾಗ. ನಗರದ ಮೂರು ನಿಲ್ದಾಣಗಳಲ್ಲಿ ಬಸ್ಸುಗಳ ವಿಷಯ ಕೂಗಿ ಹೇಳುವ ಪ್ರೋಗ್ರಾಂ ಅವರ ಪುಟ್ಟ ಕಂಪನಿಯದು. ಉದ್ಯೋಗದ ಉಳಿದರ್ಧವನ್ನು ಮಾಡುವವನು ಅವರ ಪಕ್ಕದಲ್ಲಿ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಪ್ರೋಗ್ರಾಂ ಬರೆದವನು, ತಿದ್ದುವವನು, ಕೆಟ್ಟಾಗ ತಲೆ ಕೊಡುವವನು ಎಲ್ಲ ಅವನೇ. ನೀರಿನ ಲೋಟ ಕೊಟ್ಟರೂ ‘ಜೋಪಾನ’, ಯಾರಾದರೂ ಮೆಟ್ಟಿಲಿಳಿದರೂ ‘ಜೋಪಾನ’, ಫೋನ್ ಇಡುವಾಗಲೂ ‘ಜೋಪಾನ’ ಎನ್ನುತ್ತಿದ್ದುದರಿಂದ ಕಚೇರಿಯಲ್ಲಿ ಅವನ ಹೆಸರೇ ಜೋಪಾನ ಎಂದಾಗಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಗಷ್ಟೇ ಉಳಿದಿತ್ತು.

"ಡ್ರೈವರುಗಳು ಬಹಳ ಚುರುಕಾಗಿದ್ದಾರೆ ಸರ್, ಅದಕ್ಕೇ ಹಾಗನ್ನಿಸುತ್ತೆ," ಎಂದರು ಮೇಡಂ.

"ಚುರುಕಂತೆ. ಒಬ್ಬ ಹೊತ್ತಿಗೆ ಮುಂಚೆ ಹೋಗ್ತಾನೆ, ಇನ್ನೊಬ್ಬ ಹರಟೆ ಮುಗಿಸಿ ಹೋಗ್ತಾನೆ. ಈ ಯಮ್ಮ ಇಬ್ಬರಿಗೂ ಲೇಟು." ಅಧಿಕಾರಿ ಸ್ಪೀಕರಿನತ್ತ ಬೆರಳು ತೋರಿಸಿದರು. "ಸೋಮವಾರ ಬೆಳಿಗ್ಗೆ ಬರ್ತೀನಿ. ಬಸ್ಸಿಗಿಂತ ಮುಂಚೆ ಮಾತು ಬಂದ್ರೆ ಸರಿ. ಇಲ್ಲದಿದ್ರೆ ಈ ಧ್ವನಿ ತೆಗೆಸಿ ರೆಡಿಮೇಡ್ ಧ್ವನಿ ಹಾಕಿಸ್ತೀನಿ. ಈಗ ಎಲ್ಲ ಕಡೆ ಅದೇ. ಟೈಪ್ ಮಾಡಿದ್ರೆ ತಾನೇ ಮಾತಾಡುತ್ತೆ, ಮನುಷ್ಯರ ಗೋಜೇ ಇಲ್ಲ."

ಜೋಪಾನ ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡ. ಕಂಪನಿಯ ಕೆಲಸ ಹೋಗುತ್ತದೆ ಎಂದಲ್ಲ. ಕಂಪನಿಗೆ ಬೇರೆ ಕೆಲಸಗಳಿದ್ದವು. ಆ ಧ್ವನಿ ಅವನ ಹೆಂಡತಿಯದು.

ಮದುವೆಗೆ ಮೊದಲಿನ ಮಾತು. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತ ‘ಈಗ ಕಾಣುತ್ತಾ? ಈಗ?’ ಎಂದು ಕೇಳುತ್ತಿದ್ದ ಹುಡುಗಿಯ ಧ್ವನಿ ಮೇಡಂಗೆ ಹಿಡಿಸಿ, ಧ್ವನಿ ಮುದ್ರಿಸುವ ಗಾಜಿನ ಕೋಣೆಯೊಂದರಲ್ಲಿ ಕೂರಿಸಿ ಎಲ್ಲ ಪ್ರಕಟಣೆಗಳನ್ನೂ ಓದಿಸಿದ್ದರು. ಅವನ್ನು ತುಂಡರಿಸಿ ಜೋಡಿಸುವ ಕೆಲಸ ಇವನದು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಕೇಳಿದ. ಅವಳಿಗೆ ವಾಕ್ಯದ ಕೊನೆಯನ್ನು ನುಂಗುವ ಅಭ್ಯಾಸವಿತ್ತು. ‘ಹೊರಡಲಿ’ ಎನ್ನುವವರೆಗೆ ಧ್ವನಿ ತುಂಬಿಕೊಂಡು ಬರುವುದು, ಕೊನೆಯ ‘ದೆ’ ಮಾತ್ರ ಉಸಿರಿನ ಹಾಗೆ ಮೆಲ್ಲಗೆ ಇಳಿಯುವುದು. ಆ ‘ದೆ’ಯನ್ನು ಮತ್ತೆ ಮತ್ತೆ ಕೇಳಿ ಕೇಳಿ ಜೋಪಾನ ಪ್ರೀತಿಯಲ್ಲಿ ಬಿದ್ದ. ಹೀಗೂ ಬೀಳುವವರಿದ್ದಾರೆ. ಪ್ರತಿ ತುಂಡಿನ ಕೊನೆಯಲ್ಲಿ ಸದ್ದಿಲ್ಲದ ಜಾಗವನ್ನು ಕತ್ತರಿಸಿ ಹಾಕುವುದು ಪ್ರೋಗ್ರಾಮಿನ ಕೆಲಸ. ಎಷ್ಟು ಮೆಲ್ಲಗಿದ್ದರೆ ಸದ್ದಿಲ್ಲ ಎಂದು ತಿಳಿಯಬೇಕು ಎಂಬ ಗೆರೆಯನ್ನು ಅವನು ಆ ‘ದೆ’ಯ ಕೆಳಗೆ, ಕೂದಲೆಳೆಯಷ್ಟೇ ಅಂತರದಲ್ಲಿ ಎಳೆದಿದ್ದ.

ಅವಳು ಇವತ್ತಿಗೂ ಕನ್ನಡಕದ ಅಂಗಡಿಯಲ್ಲೇ ಇದ್ದಾಳೆ. ಅಂಗಡಿಯ ಪಕ್ಕದಲ್ಲೇ ಹಣ್ಣಿನಂಗಡಿಯೂ ಇದೆ. ಆದರೂ ಕಿತ್ತಳೆ ಬೇಕೆಂದರೆ ಮಾರ್ಕೆಟ್ ನಿಲ್ದಾಣಕ್ಕೇ ಹೋಗುತ್ತಾಳೆ. ಅಲ್ಲಿಯದು ಸಿಹಿ ಅಂತೆ. ಒಮ್ಮೆ ಕೇಬಲ್ ನೋಡಲು ಹೋಗಿದ್ದಾಗ ಜೋಪಾನನಿಗೆ ಕಂಡಿತು: ಬೆಂಚಿನ ತುದಿಯಲ್ಲಿ ಚೀಲವನ್ನು ಮಡಿಲಿಗಿಟ್ಟುಕೊಂಡು, ಯಾವ ಬಸ್ಸಿಗೂ ಏಳದೆ, ಅವಳು ತನ್ನ ಧ್ವನಿಯನ್ನು ತಾನೇ ಕೇಳುತ್ತ ಕೂತಿದ್ದಳು. ಅವನು ಕಂಬದ ಮರೆಯಿಂದಲೇ ವಾಪಸು ಬಂದ. ಆ ವಿಷಯವನ್ನು ಅವಳೂ ಹೇಳಿಲ್ಲ, ಅವನೂ ಎತ್ತಿಲ್ಲ.

ಅಂದು ಸಂಜೆ ಅಧಿಕಾರಿಯ ಮಾತನ್ನು ಅವನು ಅಡಿಗೆಮನೆಯ ಬಾಗಿಲಿಗೊರಗಿ ನಿಂತು ಹೇಳಿದ. ಅವಳು ಪಾತ್ರೆ ಒರೆಸುತ್ತಿದ್ದಳು.

"ಹೋದ್ರೆ ಹೋಗ್ಲಿ ಬಿಡಿ," ಎಂದಳು. "ಎಷ್ಟು ವರ್ಷ ಅಂತ ಜನ ಒಂದೇ ಧ್ವನಿ ಕೇಳ್ತಾರೆ. ಮನೇಲಿ ನೀವೊಬ್ರು ಕೇಳ್ತೀರಲ್ಲ, ಅಷ್ಟೇ ಸಾ..."

ಸಾಕು ಎಂಬುದರ ‘ಕು’ ಬರಲೇ ಇಲ್ಲ. ಒರೆಸಿದ ಪಾತ್ರೆಯನ್ನೇ ಇನ್ನೊಮ್ಮೆ ಒರೆಸಿ, ಅದೇ ಜಾಗದಲ್ಲಿಟ್ಟು, ಮತ್ತೆ ಅದನ್ನೇ ಕೈಗೆತ್ತಿಕೊಂಡಳು. ಜೋಪಾನ ಹೊರಗೆ ಬಂದು ಚಪ್ಪಲಿಗಳನ್ನು ಸಾಲಾಗಿ ಇಟ್ಟ. ಮನಸ್ಸು ಕೆಟ್ಟಾಗ ಅವನು ಅದನ್ನೇ ಮಾಡುವುದು.

ಪ್ರಕಟಣೆ ತಡವಾಗಲು ಕಾರಣ ಆ ಅಧಿಕಾರಿಯೇ ಎಂದು ಅವರಿಗೆ ಹೇಳುವವರು ಯಾರು? ನಿಲ್ದಾಣದ ಗದ್ದಲದಲ್ಲಿ ಮಾತು ಕೇಳಿಸುತ್ತಿಲ್ಲ ಎಂದು ಹೋದ ವರ್ಷ ತಗಾದೆ ತೆಗೆದವರು ಅವರು. ಅಂದಿನಿಂದ ಪ್ರೋಗ್ರಾಂ ಪ್ರತಿ ಸಲವೂ ಗದ್ದಲ ಅಳೆದು, ಅದಕ್ಕೆ ತಕ್ಕಂತೆ ಧ್ವನಿ ಏರಿಸಿ, ತುಂಡುಗಳನ್ನು ಜೋಡಿಸಿ, ಆಮೇಲೆ ಬಾಯಿ ಬಿಡುತ್ತಿತ್ತು. ಲೆಕ್ಕ ಬೆಟ್ಟದಷ್ಟು. ಲೆಕ್ಕ ಮುಗಿಯುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

ಬೇಗ ಮಾಡಿಸುವ ದಾರಿ ಇರಲಿಲ್ಲವೆಂದಲ್ಲ. ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವ ಸೂಚನೆಗಳಾಗಿ ಮಾಡಿಕೊಡುವುದು ಕಂಪೈಲರ್. ಅದನ್ನೊಬ್ಬ ದರ್ಜಿ ಅಂದುಕೊಂಡರೆ ಆಯಿತು. ಬಟ್ಟೆ ಒಂದೇ, ಯಾರ ಅಳತೆಗೆ ಹೊಲಿಯಬೇಕು, ಎಷ್ಟು ಬಿಗಿ, ಎಷ್ಟು ಸಡಿಲ ಎಂದು ನಾವು ಹೇಳಬೇಕು. ಮೂರು ನಿಲ್ದಾಣಗಳಲ್ಲಿ ಮೂರು ತರಹದ ಕಂಪ್ಯೂಟರುಗಳು. ದೊಡ್ಡ ನಿಲ್ದಾಣದ್ದು ಕಚೇರಿಯದರ ಜೊತೆಯಲ್ಲೇ ಕೊಂಡದ್ದು, ಹೊಚ್ಚ ಹೊಸದು. ಮಾರ್ಕೆಟ್ ನಿಲ್ದಾಣದ್ದೂ ಹೊಸದೇ, ಆದರೆ ಅದರೊಳಗೆ ಲೆಕ್ಕ ಹಾಕುವ ಪ್ರೊಸೆಸರ್ ಬೇರೆ ಕಂಪನಿಯದು. ಗಿರಣಿ ನಿಲ್ದಾಣದ್ದು ಮಾತ್ರ ಹಳೇ ಮುದುಕ. ಅದರ ಮೇಲೆ ಸದಾ ಒಂದು ಟವಲು ಹೊದಿಸಿರುತ್ತಾರೆ. ಜೋಪಾನ ಆ ಮುದುಕನ ಅಳತೆಗೆ, ತೀರಾ ಸಡಿಲವಾಗಿ, ಒಂದೇ ಅಂಗಿ ಹೊಲಿಸಿ ಮೂವರಿಗೂ ಹಾಕುತ್ತಿದ್ದ. ಯಾರಿಗೂ ಹರಿಯದು, ಯಾರಿಗೂ ಒಪ್ಪದು.

"ಅಜ್ಜ ಕೋಲು ಹಿಡಿದು ನಡೀತಾರೆ ಅಂತ ಮೊಮ್ಮಕ್ಕಳ ಕೈಗೂ ಕೋಲು ಕೊಟ್ಟಿದ್ದೀರಲ್ಲ ನೀವು," ಎಂದರು ಮೇಡಂ ಮರುದಿನ. "ಆ ಸೆಟ್ಟಿಂಗುಗಳನ್ನ ಸ್ವಲ್ಪ ಮೇಲಕ್ಕೆ ಏರಿಸಿದ್ರೆ ಏನು ಗಂಟು ಹೋಗುತ್ತೆ?"

"ಏರಿಸಬಹುದು ಮೇಡಂ. ಒಂದೊಂದು ಪ್ರೊಸೆಸರ್ ಒಂದೊಂದು ತರಹ. ಜೋಪಾನವಾಗಿ ನೋಡ್ಕೊಂಡು..."

"ನೋಡಿ ನೋಡಿ ಜೋಪಾನ ಮಾಡ್ತಾ ಇರಿ. ಸೋಮವಾರ ನಿಮ್ಮ ಮನೆಯವರ ಧ್ವನಿ ಜೋಪಾನವಾಗಿ ಗುಜರಿಗೆ ಹೋಗುತ್ತೆ."

ಆ ಮಾತು ಚುಚ್ಚಿತು. ಚುಚ್ಚಲೆಂದೇ ಆಡಿದ್ದು, ಆದರೆ ಇಷ್ಟು ಆಳಕ್ಕೆ ಇಳಿಯುತ್ತದೆ ಎಂದು ಮೇಡಂಗೂ ಗೊತ್ತಿರಲಿಲ್ಲ. ಒರೆಸಿದ ಪಾತ್ರೆಯನ್ನೇ ಒರೆಸುತ್ತಿದ್ದ ಕೈ ಜೋಪಾನನ ಕಣ್ಣ ಮುಂದೆ ಬಂತು. ಮನುಷ್ಯನಿಗೆ ರೋಷ ಬಂದಾಗ ಏನೇನೋ ಮಾಡುತ್ತಾನೆ; ಇವನು ಕಂಪೈಲರಿನ ಕೈಪಿಡಿ ತೆರೆದ.

ಕೈಪಿಡಿಯಲ್ಲಿ, ಯಾರ ಅಳತೆಗೆ ಹೊಲಿಯಬೇಕು ಎಂಬಲ್ಲಿ ನೂರೆಂಟು ಪ್ರೊಸೆಸರುಗಳ ಹೆಸರುಗಳಿದ್ದವು. ಕೊನೆಯಲ್ಲಿ ಒಂದು ಸುಲಭದ ಪದವಿತ್ತು: ‘ನೇಟಿವ್’. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಮೇಡಂ ಫೋನಿನಲ್ಲಿ ಯಾರನ್ನೋ ಸಂದರ್ಶನ ಮಾಡುತ್ತಿದ್ದರು. "ಇರಲಿ, ನಿಮ್ಮ ನೇಟಿವ್ ಯಾವ್ದು?" ಎಂದು ಕೇಳಿದ್ದು ಗೋಡೆಯಾಚೆಯಿಂದ ಕೇಳಿಸಿತು. ಅವರು ಎಲ್ಲರನ್ನೂ ಮೊದಲು ಕೇಳುವುದೇ ಅದು. ಜೋಪಾನನಿಗೆ ಅರ್ಥ ಹೊಳೆದುಬಿಟ್ಟಿತು. ಪ್ರೋಗ್ರಾಂ ಯಾವ ಕಂಪ್ಯೂಟರಿಗೆ ಹೋಗುತ್ತದೋ ಅದನ್ನೇ ‘ನಿಮ್ಮ ನೇಟಿವ್ ಯಾವುದು’ ಎಂದು ಕೇಳಿ, ಅದರ ಅಳತೆಗೆ ತಾನೇ ಹೊಂದಿಕೊಳ್ಳುತ್ತದೆ. ಎಂಥ ಮರ್ಯಾದೆಯ ಪದ ಎಂದುಕೊಂಡ. ಅದರ ಕೆಳಗೆ ಇನ್ನೊಂದು ಸಾಲಿತ್ತು. ಅವನ ಜನ್ಮದಲ್ಲಿ ಮೊದಲ ಸಲ ಮುಂದಿನ ಸಾಲು ಓದದೆ ಪುಟ ಮಡಚಿದ.

ಕೈಯಿಟ್ಟ ಮೇಲೆ ಇನ್ನೇನು ಎಂದು ವೇಗದ ಮೆಟ್ಟಿಲುಗಳಲ್ಲಿ ತೀರಾ ಮೇಲಿನದಕ್ಕೇ ಹತ್ತಿದ. ಅದು ‘ಫಾಸ್ಟ್’. ಲೆಕ್ಕದಲ್ಲಿ ತುಸು ಆಚೀಚೆಯಾದರೂ ಚಿಂತೆಯಿಲ್ಲ, ಕೆಲವು ಕಡೆ ಅಂದಾಜಿನಲ್ಲೇ ಮುಗಿಸಿಬಿಡು ಎಂದು ಅದರ ಅರ್ಥ. ತುಸು ಆಚೀಚೆಯಾದರೇನು, ಬಸ್ಸು ತಪ್ಪುವುದಕ್ಕಿಂತ ವಾಸಿಯಲ್ಲವೇ? ಕಚೇರಿಯ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ. ಗುಂಡಿ ಒತ್ತಿದ್ದೇ ತಡ, ‘ಹೊರಡಲಿದೆ’ ಎಂದು ಅವಳ ಧ್ವನಿ ಕಿವಿಗೆ ಬಂತು, ‘ದೆ’ಯೂ ಬಂತು. ಖುಷಿಯಲ್ಲಿ ಜೋಪಾನನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾವತ್ತೂ ಪ್ರತಿ ನಿಲ್ದಾಣಕ್ಕೂ ಖುದ್ದಾಗಿ ಹೋಗಿ, ಪಕ್ಕದಲ್ಲಿ ಕೂತು ಕೇಳಿ ಬರುವವನು, ಆ ದಿನ ಕುರ್ಚಿಯಲ್ಲಿ ಕೂತಲ್ಲಿಂದಲೇ, ಸೋಮವಾರ ಬೆಳಿಗ್ಗೆಯಿಂದ ಓಡುವಂತೆ, ಮೂರು ಕಡೆಗೂ ಕಳಿಸಿ, ಮನೆಗೆ ಹೋಗುವಾಗ ದಾರಿಯಲ್ಲಿ ಸಿಳ್ಳೆ ಹಾಕಿದ.

ಸೋಮವಾರ ಬೆಳಿಗ್ಗೆ ಕಚೇರಿಯ ಬೀಗ ತೆಗೆಯುತ್ತಿದ್ದಾಗಲೇ ಫೋನ್ ಬಂತು. ಗಿರಣಿ ನಿಲ್ದಾಣದ ಕಂಟ್ರೋಲರ್.

"ಸ್ವಾಮಿ, ನಿಮ್ಮ ಕಂಪ್ಯೂಟರ್ ಬೆಳಿಗ್ಗೆಯಿಂದ ನನ್ನ ಮೇಲೆ ಅಪವಾದ ಹೊರಿಸ್ತಾ ಇದೆ," ಎಂದರು ಅವರು.

"ಏನಂತ ಸರ್?"

"ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂತ. ಕಪ್ಪು ಪರದೆ ಮೇಲೆ ಬೆಳ್ಳಗೆ ಬರೆದಿದೆ. ನಾನು ಕೊಟ್ಟಿದ್ದು ಒಂದೇ ಇನ್‌ಸ್ಟ್ರಕ್ಷನ್ನು, ಮೊದಲನೇ ಬಸ್ಸು ಕೂಗು ಅಂತ. ಅದರಲ್ಲಿ ಇಲ್ಲೀಗಲ್ ಏನಿದೆ? ಬಸ್ಸಿಗೆ ಪರ್ಮಿಟ್ ಇದೆ, ಡ್ರೈವರಿಗೆ ಲೈಸೆನ್ಸ್ ಇದೆ. ನಾನು ಇನ್ನೇನು ರಿಟೈರ್ ಆಗೋನು, ಸರ್ವೀಸಲ್ಲಿ ಒಂದು ಕಪ್ಪುಚುಕ್ಕೆ ಇಲ್ಲ. ಈಗ ಇದನ್ನ ಹತ್ತಿಸಬೇಡಿ."

"ಅದು ನಿಮಗೆ ಅಂದಿದ್ದಲ್ಲ ಸರ್, ಪ್ರೊಸೆಸರಿಗೆ ಸಂಬಂಧಪಟ್ಟಿದ್ದು."

"ಅವರ್ಯಾರು? ಹೊಸದಾಗಿ ಬಂದಿರೋರಾ?"

ಆ ಹಳೇ ಯಂತ್ರಕ್ಕೆ ಗೊತ್ತೇ ಇಲ್ಲದ ಸೂಚನೆ ಕೊಟ್ಟಿದ್ದೇನೆ, ಅದಕ್ಕೇ ಹಾಗೆ ಹಟ ಹಿಡಿದಿದೆ ಎಂದು ಜೋಪಾನ ವಿವರಿಸಿದ. ಕಂಟ್ರೋಲರ್ ಪೂರ್ತಿ ಕೇಳಿ, "ಅಂದ್ರೆ ತಪ್ಪು ನಿಮ್ಮದು," ಎಂದರು. "ನನ್ನದೇ," ಎಂದ ಇವನು. "ಹಾಗಂತ ನಮ್ಮ ಮೇಲಿನವರಿಗೂ ಒಂದು ಮಾತು ಹೇಳಿಬಿಡಿ. ಅಲ್ಲಿವರೆಗೂ ನಾನೇ ಕೂಗ್ತೀನಿ," ಎಂದು ಅವರು ಫೋನ್ ಇಟ್ಟರು. ಇಡುವ ಮುಂಚೆಯೇ ‘ಬನ್ನಿ ಬನ್ನಿ, ಹತ್ತಿ’ ಎಂದು ಗಂಟಲು ಬಿಟ್ಟು ಕೂಗಿದ್ದು ಕೇಳಿಸಿತು. ಆ ಕೆಲಸ ಅವರಿಗೆ ಹಿಡಿಸಿದಂತಿತ್ತು.

ಜೋಪಾನ ಕೈಪಿಡಿ ತೆರೆದು ಅಂದು ಬಿಟ್ಟಿದ್ದ ಸಾಲನ್ನು ಓದಿದ. ನೇಟಿವ್ ಎಂದರೆ ಪ್ರೋಗ್ರಾಂ ಹೋಗುವ ಊರಲ್ಲ, ಹುಟ್ಟಿದ ಊರು. ಹೊಲಿಯುವಾಗ ದರ್ಜಿ ಯಾವ ಕಂಪ್ಯೂಟರಿನಲ್ಲಿ ಕೂತಿರುತ್ತಾನೋ ಅದರ ಅಳತೆ. ಅಂದರೆ ಕಚೇರಿಯ ಹೊಸ ಯಂತ್ರದ ಮೈಗೆ ಹೊಲಿದ ಬಿಗಿ ಅಂಗಿಯನ್ನು ಗಿರಣಿ ನಿಲ್ದಾಣದ ಮುದುಕನಿಗೆ ತೊಡಿಸಲು ಹೋಗಿದ್ದ. ಅವನು ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಅಷ್ಟರಲ್ಲಿ ಮೇಡಂ ಫೋನ್ ಬಂತು.

"ಬೇಗ ಮಾರ್ಕೆಟ್ ನಿಲ್ದಾಣಕ್ಕೆ ಬನ್ನಿ."

"ಅಲ್ಲೂ ನಿಂತುಹೋಯ್ತಾ ಮೇಡಂ?"

"ನಿಂತಿಲ್ಲ. ಏನಾಗಿದೆ ಅಂತ ನನಗೂ ಗೊತ್ತಾಗ್ತಿಲ್ಲ. ಆಫೀಸರ್ ನಗ್ತಾ ಇದ್ದಾರೆ. ನನಗೆ ಭಯ ಆಗ್ತಿದೆ."

ಜೋಪಾನ ಏದುಸಿರು ಬಿಡುತ್ತ ನಿಲ್ದಾಣದ ಗೇಟಿನೊಳಗೆ ಕಾಲಿಡುವಾಗ ಪ್ರಕಟಣೆ ನಡೆಯುತ್ತಿತ್ತು. ‘ಪ್ರಯಾಣಿಕರ ಗಮನಕ್ಕೆ. ಆಸ್ಪತ್ರೆ ಮಾರ್ಗದ ಬಸ್ಸು ಈಗ ಹೊರಡಲಿ.’

ಅಷ್ಟೇ. ‘ದೆ’ ಇಲ್ಲ.

ಚಕ್ರದ ಪಕ್ಕದಲ್ಲಿ ನಿಂತು ಹರಟುತ್ತಿದ್ದ ಡ್ರೈವರ್ ಮಾತನ್ನು ಅರ್ಧಕ್ಕೇ ಬಿಟ್ಟು, ಯಾರೋ ಬೆನ್ನಿಗೆ ತಿವಿದವರಂತೆ ಮೇಲೆ ಹತ್ತಿದ. ‘ಆಸ್ಪತ್ರೆ ಮಾರ್ಗದ ಬಸ್ಸು ಈಗ ಹೊರಡಲಿ’ ಎಂದು ಎರಡನೇ ಸಲ ಅಪ್ಪಣೆಯಾದಾಗ ಬಸ್ಸು ಉರುಳಿಯೇಬಿಟ್ಟಿತು. ಹಿಂದೆಯೇ ‘ಶಾಲೆ ಮಾರ್ಗದ ಬಸ್ಸು ಈಗ ಹೊರಡಲಿ’ ಎಂದಿತು. ಕಿಟಕಿಯಿಂದ ಕಾಲು ಹೊರಹಾಕಿ ಮಲಗಿದ್ದ ಇನ್ನೊಬ್ಬ ಡ್ರೈವರ್ ಕಾಲು ಒಳಗೆಳೆದುಕೊಂಡ. "ಬೆಳಿಗ್ಗೆಯಿಂದ ಇವಮ್ಮ ಯಾಕೋ ಗರಂ ಆಗಿದ್ದಾಳೆ," ಎಂದು ಗೊಣಗುತ್ತ ಅವನೂ ಹೊರಟ.

"ಇದು ನೋಡಿ ನನಗೆ ಬೇಕಾಗಿದ್ದಿದ್ದು," ಎಂದು ಅಧಿಕಾರಿ ಜೋಪಾನನ ಬೆನ್ನು ತಟ್ಟಿದರು. "ಮೊದಲೆಲ್ಲ ಬೇಡ್ಕೊಳ್ಳೋ ಹಾಗಿತ್ತು ಇವರ ದನಿ. ಈಗ ಒಂದು ತೂಕ ಬಂದಿದೆ. ಬೆಳಿಗ್ಗೆಯಿಂದ ಒಂದು ಬಸ್ಸೂ ಹೊತ್ತು ತಪ್ಪಿಲ್ಲ. ಮುಂದಿನ ಸೋಮವಾರ ಇನ್ನೊಂದು ಸಲ ನೋಡಿ ಸೈನ್ ಮಾಡಿಬಿಡ್ತೀನಿ. ಆಮೇಲೆ ಈ ಧ್ವನೀನ ಯಾರೂ ಮುಟ್ಟಲ್ಲ. ಹೀಗೇ ಇರಲಿ."

ಅವರು ಅತ್ತ ಹೋದ ಮೇಲೆ ಜೋಪಾನ ಮೇಡಂಗೆ ವಿಷಯ ಹೇಳಿದ. ಫಾಸ್ಟ್ ಎಂದದ್ದಕ್ಕೆ ಪ್ರೊಸೆಸರ್ ಅಂದಾಜಿನ ಲೆಕ್ಕ ಹಾಕಿದೆ. ಒಂದೊಂದು ಕಂಪನಿಯ ಪ್ರೊಸೆಸರಿನ ಅಂದಾಜು ಒಂದೊಂದು ತರಹ. ಕಚೇರಿಯಲ್ಲಿ ಗೆರೆಗಿಂತ ಮೇಲೇ ಉಳಿದಿದ್ದ ‘ದೆ’ ಇಲ್ಲಿ ಗೆರೆಯ ಕೆಳಗೆ ಜಾರಿದೆ. ಸದ್ದಿಲ್ಲದ ಜಾಗ ಎಂದು ಪ್ರೋಗ್ರಾಂ ಅದನ್ನು ಕತ್ತರಿಸಿ ಹಾಕಿದೆ.

"ಅಂದ್ರೆ ಇದು ತಪ್ಪಾ?"

"ತಪ್ಪೇ ಮೇಡಂ."

"ಮುಟ್ಟಬೇಡಿ. ಗಿರಣಿ ನಿಲ್ದಾಣದ್ದು ಹಳೇದನ್ನೇ ಹಾಕಿ. ಇಲ್ಲಿಯದು ಸೋಮವಾರದವರೆಗೆ ಹೀಗೇ ಇರಲಿ," ಎಂದರು ಮೇಡಂ. ಅಷ್ಟರಲ್ಲಿ ಸ್ಪೀಕರ್ ಮತ್ತೆ ಬಾಯಿ ತೆರೆಯಿತು. ‘ಬಂದರು ಮಾರ್ಗದ ಬಸ್ಸು ಅರ್ಧ ಗಂಟೆ ತಡವಾಗಲಿ.’ ಬಂದರಿನ ಬಸ್ಸಿನ ಡ್ರೈವರ್ ಸ್ಪೀಕರಿಗೊಂದು ಸಲಾಮು ಹೊಡೆದು, ಎಂಜಿನ್ ಆರಿಸಿ, ಮುಖದ ಮೇಲೆ ಕರವಸ್ತ್ರ ಹಾಕಿಕೊಂಡು ಮಲಗಿದ.

ಜೋಪಾನ ಮನೆಯಲ್ಲಿ ಧ್ವನಿ ಉಳಿಯಿತು ಎಂದಷ್ಟೇ ಹೇಳಿದ. ಅವಳು ಮುಖ ತಿರುಗಿಸಿಕೊಂಡು ನಕ್ಕದ್ದು ಗಾಜಿನ ಕಪಾಟಿನಲ್ಲಿ ಕಂಡಿತು. ‘ದೆ’ಯ ವಿಷಯ ಎತ್ತಲು ಬಾಯಿ ಬರಲಿಲ್ಲ. ಒಂದು ಅಕ್ಷರ ತಾನೇ, ಅದಕ್ಕೇನು ಅಷ್ಟು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಆ ಒಂದು ಅಕ್ಷರದಿಂದಲೇ ತನಗೆ ಸಂಸಾರ ಬಂದದ್ದು ಎಂಬುದು ಅವನಿಗೆ ಗೊತ್ತಿತ್ತು. ಅರ್ಧ ಊಟದಲ್ಲೇ ಎದ್ದು ಹೋಗಿ ಚಪ್ಪಲಿಗಳನ್ನು ಸಾಲಾಗಿ ಇಟ್ಟ.

ಎರಡು ದಿನ ಬಿಟ್ಟು ಅವಳು ಕಿತ್ತಳೆ ತರಲು ಹೋದಳು. ಖಾಲಿ ಚೀಲ ಹಿಡಿದು ವಾಪಸು ಬಂದಳು.

"ಕಿತ್ತಳೆ?" ಎಂದ ಜೋಪಾನ.

"ತರಲಿಲ್ಲ." ಅವಳು ಚೀಲವನ್ನು ಮೊಳೆಗೆ ನೇತುಹಾಕಿ ಅವನ ಎದುರಿಗೇ ಕೂತಳು. "ರೀ, ನಾನು ಯಾವತ್ತಾದರೂ ಯಾರಿಗಾದರೂ ಹೊರಡು ಅಂದಿದ್ದೀನಾ?"

"ಇಲ್ಲ."

"ಹೊರಡಲಿದೆ ಅಂದೆ ನಾನು. ಆ ಗಾಜಿನ ಕೋಣೇಲಿ ನಿಮ್ಮ ಎದುರಿಗೇ ಅಂದೆ. ಹೊರಡಲಿ ಅಂತ ಅಪ್ಪಣೆ ಕೊಡೋಕೆ ನಾನ್ಯಾರು, ಬಸ್ಸುಗಳೆಲ್ಲ ನಮ್ಮಪ್ಪಂದಾ?"

ಜೋಪಾನ ಮೊಳೆಯಲ್ಲಿದ್ದ ಖಾಲಿ ಚೀಲದ ಕಡೆ ನೋಡಿದ.

"ಪಕ್ಕದಲ್ಲಿ ಒಬ್ಬರು ಅಜ್ಜಿ ಕೂತಿದ್ರು. ಬಸ್ಸು ತಡವಾಗಲಿ ಅಂತ ನನ್ನ ಬಾಯಿಂದ ಬಂತು. ಬಂದರಿಗೆ ಹೋಗೋ ಅಜ್ಜಿ ಅವರು, ಬಿಸಿಲಲ್ಲಿ ಕಾದು ಕಾದು ಸುಸ್ತಾಗಿದ್ರು. ಇವಳ ನಾಲಿಗೆ ಬಿದ್ದುಹೋಗ, ಇವಳ ಗಂಡ ದಿನಾ ಮನೆಗೆ ತಡವಾಗಿ ಬರಲಿ ಅಂತ ಶಾಪ ಹಾಕಿದ್ರು. ನನ್ನ ಕಡೆ ತಿರುಗಿ, ಅಲ್ವೇನಮ್ಮ ಅಂದ್ರು."

"ನೀನೇನಂದೆ?"

"ಹೌದು ಅಂದೆ. ಇನ್ನೇನು ಅನ್ನಲಿ?"

ನಗು ಬರುವಂಥ ಮಾತೇ, ಆದರೆ ಇಬ್ಬರೂ ನಗಲಿಲ್ಲ. ಅವಳ ಕಣ್ಣು ತುಂಬಿತ್ತು. "ಕೊನೇ ಅಕ್ಷರ ಎಲ್ಲಿ ಹೋಯ್ತು ಅಂತ ನಿಮಗೆ ಗೊತ್ತಾ?" ಎಂದಳು.

"ಗೊತ್ತು. ಬೇಗ ಬೇಗ ಲೆಕ್ಕ ಹಾಕು ಅಂದೆ ನಾನು. ನಿನ್ನ ‘ದೆ’ಯನ್ನ ಅದು ಸದ್ದಿಲ್ಲದ ಜಾಗ ಅಂದುಕೊಳ್ತು."

"ಅದು ಅಂದುಕೊಳ್ತು. ಸರಿ. ನೀವು?"

ಅವಳೆದ್ದು ಒಳಗೆ ಹೋದಳು. ಆಮೇಲೆ ಅಡಿಗೆಮನೆಯಿಂದ ಬಂದ ಮಾತುಗಳು ಒಂದೊಂದೂ ಕೊನೆಯ ಅಕ್ಷರದವರೆಗೆ ಒತ್ತಿ ಒತ್ತಿ ಬಂದವು. "ಊಟಕ್ಕೆ ಬನ್ನಿ. ಲೋಟ ತಗೊಳ್ಳಿ. ಉಪ್ಪು ಅಲ್ಲೇ ಇದೆ." ಒಂದು ಅಕ್ಷರವನ್ನೂ ಅವಳು ನುಂಗಲಿಲ್ಲ. ಇಷ್ಟು ವರ್ಷಗಳಲ್ಲಿ ಮನೆ ಅವನಿಗೆ ಯಾವತ್ತೂ ಇಷ್ಟು ಅಪರಿಚಿತವೆನಿಸಿರಲಿಲ್ಲ. ಉಪ್ಪಿನ ಡಬ್ಬಿಯನ್ನು ತೆಗೆದುಕೊಂಡು ಅದನ್ನೇ ನೋಡುತ್ತ ಕೂತ.

ಬೆಳಿಗ್ಗೆ ಕಚೇರಿಗೆ ಹೋದವನೇ ಮೇಡಂ ಎದುರು ನಿಂತು, "ಮಾರ್ಕೆಟ್ ನಿಲ್ದಾಣದ್ದು ಸರಿ ಮಾಡ್ತೀನಿ," ಎಂದ. ಮಾಡಲಾ ಎಂದು ಕೇಳಲಿಲ್ಲ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬುದ್ಧಿ ನೆಟ್ಟಗಿದೆಯಾ? ಆಫೀಸರ್ ಮೆಚ್ಚಿದ್ದೇ ಆ ತಪ್ಪನ್ನ. ಸರಿ ಮಾಡಿದ್ರೆ ಧ್ವನಿಯೇ ಹೋಗುತ್ತೆ. ಹೋಗಲಿ ಅಂತೀರಾ?"

"ಹೋಗಲಿ ಅನ್ನಲ್ಲ ಮೇಡಂ. ಹೋಗಲಿದೆ ಅಂತೀನಿ. ಹೋದ್ರೂ ಪೂರ್ತಿಯಾಗೇ ಹೋಗುತ್ತೆ, ಅರ್ಧ ಕತ್ತರಿಸಿ ಇಟ್ಟುಕೊಳ್ಳೋದು ಬೇಡ."

ಮೇಡಂ ಅವನನ್ನೇ ನೋಡಿದರು. ಜೋಪಾನ ಎದುರು ಮಾತಾಡಿದ್ದನ್ನು ಅವರು ಕಂಡಿದ್ದು ಅದೇ ಮೊದಲು. "ನಿಮ್ಮ ಹಣೆಬರಹ," ಎಂದು ಕನ್ನಡಕ ಹಾಕಿಕೊಂಡರು. ಅವರ ಭಾಷೆಯಲ್ಲಿ ಅದು ಒಪ್ಪಿಗೆ.

ಅವನು ಚೀಲ ಅವಚಿಕೊಂಡು ಹಳೇ ಪದ್ಧತಿಯಂತೆ ಖುದ್ದಾಗಿ ಹೊರಟ. ಪ್ರತಿ ನಿಲ್ದಾಣದಲ್ಲೂ ಕಂಪ್ಯೂಟರಿನ ಮುಂದೆ ಕೂತು ಅದರ ಪ್ರೊಸೆಸರ್ ಯಾವ ಕಂಪನಿಯದು, ಯಾವ ತಲೆಮಾರಿನದು, ಅದಕ್ಕೆ ಯಾವ ಸೂಚನೆ ಗೊತ್ತು, ಯಾವುದು ಗೊತ್ತಿಲ್ಲ ಎಂದು ಕೇಳಿ ತಿಳಿದುಕೊಂಡ. ಗಿರಣಿ ನಿಲ್ದಾಣದಲ್ಲಿ ಟವಲು ಸರಿಸುವಾಗ, "ನಿಮ್ಮ ನೇಟಿವ್ ಯಾವ್ದಪ್ಪಾ?" ಎಂದು ಬಾಯಿ ಬಿಟ್ಟೇ ಕೇಳಿದ.

"ಆ ಇಲ್ಲೀಗಲ್ ಅಂತ ಬಂದಿತ್ತಲ್ಲ, ಅದನ್ನ ಎಲ್ಲಾ ಕಡೆಯಿಂದ ಅಳಿಸಿದ್ರಾ?" ಎಂದರು ಹಿಂದೆ ನಿಂತಿದ್ದ ಕಂಟ್ರೋಲರ್. ಅಳಿಸಿದ್ದೇನೆ ಎಂದಾಗ ನಿಟ್ಟುಸಿರು ಬಿಟ್ಟು, "ಕೂಗೋಕೆ ನಾನೇ ಚೆನ್ನಾಗಿದ್ದೆ ಅಂತ ಡ್ರೈವರುಗಳು ಅಂತಿದ್ರು," ಎಂದು ಸೇರಿಸಿದರು.

ಒಬ್ಬೊಬ್ಬರಿಗೆ ಅವರವರ ಅಳತೆಯ ಅಂಗಿಯಾಯಿತು. ವೇಗದಲ್ಲಿ ನಡುವಿನ ಮೆಟ್ಟಿಲು. ಅಂದಾಜಿನ ಲೆಕ್ಕಕ್ಕೆ ಎಲ್ಲೂ ಜಾಗವಿಲ್ಲ, ಪ್ರತಿಯೊಂದು ಅಂಕಿಯೂ ಕಟ್ಟುನಿಟ್ಟು. ಮಾರ್ಕೆಟ್ ನಿಲ್ದಾಣದಲ್ಲಿ ಗುಂಡಿ ಒತ್ತಿ ಕಾದ. ಮಾತು ಫಾಸ್ಟ್‌ನಷ್ಟು ಬೇಗ ಬರಲಿಲ್ಲ, ಮೊದಲಿನಷ್ಟು ತಡವಾಗಿಯೂ ಬರಲಿಲ್ಲ. ಬಂದಾಗ ಬಸ್ಸು ಇನ್ನೂ ನಿಂತಲ್ಲೇ ಇತ್ತು, ಮಾತಿನ ಕೊನೆಯಲ್ಲಿ ‘ದೆ’ಯೂ ಇತ್ತು. ಅವನು ಆ ಕೋಣೆಯಲ್ಲಿ ಒಬ್ಬನೇ ಕೂತು ಅದನ್ನು ಬಹಳ ಹೊತ್ತು, ಬೇಕಾದ್ದಕ್ಕಿಂತ ಹೆಚ್ಚು ಸಲ ಕೇಳಿದ. ಆದರೆ ಸೋಮವಾರದ ಪರೀಕ್ಷೆ ಇನ್ನೂ ಬಾಕಿಯಿತ್ತು. ಅಪ್ಪಣೆಯಿಲ್ಲದ ಈ ಮೆತ್ತನೆ ಧ್ವನಿಗೆ ಡ್ರೈವರುಗಳು ಮತ್ತೆ ಹರಟೆಗೆ ಇಳಿದರೆ, ಅಧಿಕಾರಿ ಕೈ ಎತ್ತಿಬಿಡುತ್ತಾರೆ.

ಸೋಮವಾರ ಬೆಳಿಗ್ಗೆ ಅಧಿಕಾರಿ ಗಡಿಯಾರ ನೋಡುತ್ತ ನಿಲ್ದಾಣದ ನಡುವೆ ನಿಂತರು. ಮೇಡಂ ಅವರ ಪಕ್ಕದಲ್ಲಿ ನಗಲು ತಯಾರಾಗಿ ನಿಂತಿದ್ದರು. ಜೋಪಾನ ಕಂಬಕ್ಕೆ ಒರಗಿಕೊಂಡಿದ್ದ. ಬೆಂಚಿನ ತುದಿಯಲ್ಲಿ ಅವಳು ಕೂತಿರುವುದು ಆಗ ಕಂಡಿತು. ಮಡಿಲಲ್ಲಿ ಚೀಲವಿತ್ತು. ಈ ಸಲ ಅವನು ಮರೆಗೆ ಸರಿಯಲಿಲ್ಲ. ಹೋಗಿ ಪಕ್ಕದಲ್ಲೇ ಕೂತ.

"ಕಿತ್ತಳೆ ತಗೊಳ್ಳೋಕೆ ಬಂದೆ," ಎಂದಳು ಅವಳು, ಅವನತ್ತ ನೋಡದೆ.

"ಗೊತ್ತು. ಇಲ್ಲಿಯದು ಸಿಹಿ."

ಮೇಲೆ ಸ್ಪೀಕರ್ ಕರಕರ ಎಂದಿತು. ‘ಪ್ರಯಾಣಿಕರ ಗಮನಕ್ಕೆ.’ ಅವಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. ಹರಟೆಯಲ್ಲಿದ್ದ ಡ್ರೈವರುಗಳ ಪೈಕಿ ಒಬ್ಬ ಕಿವಿ ನಿಮಿರಿಸಿ, ಬೀಡಿ ಹೊಸಕಿ, ಸೀಟಿಗೆ ಹತ್ತಿದ. ‘ಆಸ್ಪತ್ರೆ ಮಾರ್ಗದ ಬಸ್ಸು ಈಗ ಹೊರಡಲಿ...’ ಅಪ್ಪಣೆ ನಡೆದ ಆ ಕೆಲವೇ ದಿನಗಳಲ್ಲಿ ಅವನಿಗೆ ಅಲ್ಲಿಯವರೆಗೆ ಕೇಳಿದರೆ ಸಾಕೆಂಬುದು ರೂಢಿಯಾಗಿಬಿಟ್ಟಿತ್ತು. ಗೇರು ಬಿತ್ತು, ಎಂಜಿನ್ ಅಬ್ಬರಿಸಿತು, ಉಳಿದದ್ದು ಆ ಅಬ್ಬರದಲ್ಲಿ ಮುಳುಗಿತು. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದವರು ಕಿಟಕಿಯ ಪಕ್ಕ ಆರಾಮವಾಗಿ ಕೂತು ಹೋಗುತ್ತಿದ್ದರು. ಅಧಿಕಾರಿ ಗಡಿಯಾರ ನೋಡಿ, ಬಸ್ಸು ನೋಡಿ, ಮೇಡಂ ಕಡೆ ತಲೆಯಾಡಿಸಿ ಜೇಬಿನಿಂದ ಪೆನ್ನು ತೆಗೆದರು.

ಬಸ್ಸು ಗೇಟು ದಾಟಿತು. ಸದ್ದು ಪೆಟ್ರೋಲ್ ಬಂಕಿನ ತಿರುವಿನವರೆಗೆ ಹೋಗಿ ಇಲ್ಲವಾಯಿತು. ಎರಡನೇ ಸಲದ ಪ್ರಕಟಣೆ ಬಂತು, ಖಾಲಿ ಜಾಗಕ್ಕೆ, ಎಣ್ಣೆ ಕಲೆಗಳಿಗೆ, ಬೆಂಚಿನ ಮೇಲಿದ್ದ ಇಬ್ಬರಿಗೆ. ‘ಆಸ್ಪತ್ರೆ ಮಾರ್ಗದ ಬಸ್ಸು ಈಗ ಹೊರಡಲಿ’ ಎಂದಿತು, ಆಮೇಲೆ ಉಸಿರಿನಷ್ಟು ಮೆಲ್ಲಗೆ, ‘ದೆ.’

ಅವಳು ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿಯತೊಡಗಿದಳು. "ತಗೊ..." ಎಂದಳು. ಅವನು ಕೈ ಚಾಚಿದ.